ಬೆಳೆಹಬ್ಬಕ್ಕೆ ಕೊಟ್ಟ ಬಸಳೆ

ಶನಿವಾರ, ಸೆಪ್ಟೆಂಬರ್ 10, 2005

ಇವತ್ತು ಬೆಳಿಗ್ಗೆ ಬಾಲ್ಕನಿಯಿಂದ ಕಂಡದ್ದು: ಕೆಳಗೆ ರಸ್ತೆ ಬದಿಯಲ್ಲಿ ಕಂಪೆನಿ ಬಸ್ಸಿಗೆ ಕಾಯುವವರು ಲೈಟುಕಂಬದ ನೆರಳಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ಕಂಬದ ನೆರಳು ಎಷ್ಟು ಅಗಲವೋ ಸಾಲೂ ಅಷ್ಟೇ ಅಗಲ. ಬಿಸಿಲು ಸರಿದಂತೆ ನೆರಳೂ ಸರಿಯಿತು. ಯಾರೂ ಯಾರಿಗೂ ಏನೂ ಹೇಳಲಿಲ್ಲ, ಇಡೀ ಸಾಲು ಗಡಿಯಾರದ ಮುಳ್ಳಿನ ಹಾಗೆ ತುಸು ತಿರುಗಿ ನಿಂತಿತು. ಬಸ್ಸು ಬಂದು ಹೋದ ಮೇಲೆ ಬರೀ ಕಂಬ ಉಳಿಯಿತು.

ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಅಕ್ಕ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಭಾವ ಕಾರಿನ ಕೀಲಿ ಹುಡುಕುತ್ತಿದ್ದರು. ಅವರ ದೊಡ್ಡ ಮಗಳು ದಿಶಾ ಶಾಲೆಯ ಶೂಸಿನ ಲೇಸಿನೊಡನೆ ಜಗಳದಲ್ಲಿದ್ದಳು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮಗು ಮಲಗಿದ ಮಧ್ಯಾಹ್ನಗಳಲ್ಲಿ ಇನ್ನು ಮುಂದೆ ಇದೇ ನನ್ನ ಮಾತುಕತೆ.

ನಿಜವಾಗಿ ಇಲ್ಲಿಗೆ ಬರಬೇಕಾಗಿದ್ದವಳು ಅಮ್ಮ. ದಮಯಂತಿ ಅಕ್ಕನ ಎರಡನೇ ಬಾಣಂತನ. ಆದರೆ ಅಮ್ಮನಿಗೆ ವಿಮಾನವೆಂದರೆ ನಡುಕ. "ನೆಲ ಬಿಟ್ಟು ಮೇಲೆ ಹೋಗುವುದಾದರೆ ನಾನು ಪರಲೋಕಕ್ಕೇ ಹೋಗುವುದು, ಮಸ್ಕತ್ತಿಗೆ ಅಲ್ಲ" ಅಂದುಬಿಟ್ಟಳು. ನಾನಾಗ ಬಿ.ಎ. ಮುಗಿಸಿ ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ.ಗೆ ಅರ್ಜಿ ಹಾಕಿದ್ದೆ. ಸೀಟೂ ಸಿಕ್ಕಿತ್ತು. ಅಪ್ಪ ಕೇಳಿದರು, "ಏಂಜೆಲಾ, ನೀನು ಹೋಗ್ತಿಯಾ? ಎಂ.ಎ. ಮುಂದಿನ ವರ್ಷವೂ ಇರ್ತದೆ." ನಾನು "ದೇವರ ಚಿತ್ತ" ಅಂದೆ. ಅಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ, ಮಗಳು ತನ್ನನ್ನು ದೇವರಿಗೆ ಒಪ್ಪಿಸಿಕೊಟ್ಟಿದ್ದಾಳೆ ಎಂದು ಮೂಲ್ಕಿಯ ಚರ್ಚಿನ ಇಡೀ ಸಭೆಗೆ ಹೇಳಿಕೊಂಡು ಬಂದರು.

ಅದು ಬಹಳ ಉಪಯೋಗದ ಉತ್ತರ. ಒಮ್ಮೆ ಹೇಳಿದರೆ ಯಾರೂ ಮತ್ತೇನೂ ಕೇಳುವುದಿಲ್ಲ.

ಶುಕ್ರವಾರ, ಸೆಪ್ಟೆಂಬರ್ 16

ಇಲ್ಲಿ ಶುಕ್ರವಾರವೇ ಭಾನುವಾರ. ರಜೆ ಅಂದೇ, ಹಾಗಾಗಿ ಆರಾಧನೆಯೂ ಅಂದೇ. ರೂವಿಯ ಚರ್ಚ್ ಕಾಂಪೌಂಡಿನಲ್ಲಿ ಒಂದೊಂದು ಭಾಷೆಯ ಸಭೆಗೆ ಒಂದೊಂದು ಹೊತ್ತು. ಮಲಯಾಳದವರು ಕೊನೆಯ ಹಾಡು ಹಾಡುವಾಗ ನಾವು ಕನ್ನಡದವರು ಹೊರಗೆ ಮಕ್ಕಳ ಮೂಗು ಒರೆಸುತ್ತ ನಿಂತಿರುತ್ತೇವೆ. ನಮ್ಮ ಆಶೀರ್ವಾದದ ಹೊತ್ತಿಗೆ ತೆಲುಗಿನವರು ಬಾಗಿಲಲ್ಲಿರುತ್ತಾರೆ. ಬೆಂಚುಗಳು ತಣ್ಣಗಾಗುವುದೇ ಇಲ್ಲ.

ನಮ್ಮ ಸಭೆಗೆ ಕಾಯಂ ಪಾದ್ರಿಗಳಿಲ್ಲ. ಸಿರಿಲ್ ಅಂಕಲ್ ಎಂಬ ಹಿರಿಯರು ನಡೆಸಿಕೊಂಡು ಹೋಗುತ್ತಾರೆ. ವಾರವಿಡೀ ಎ.ಸಿ. ರಿಪೇರಿ ಮಾಡುವವರ ಮೇಲ್ವಿಚಾರಕರು, ಶುಕ್ರವಾರ ನಮ್ಮ ಮೇಲ್ವಿಚಾರಕರು. ಮೈಕು ಕೊಟ್ಟರೆ ಬೇಡ ಅನ್ನುತ್ತಾರೆ. ಅಗತ್ಯವೂ ಇಲ್ಲ.

"ಇದು ಯಾರು? ದಮಯಂತಿಯ ತಂಗಿಯಾ? ಎಂತ ಓದಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಭಾವ, "ಬಿ.ಎ. ಅಂಕಲ್, ಕನ್ನಡ. ಪುಸ್ತಕದ ಹುಳ."

"ಹಾಗಾದ್ರೆ ಖಲಾಸ್! ಸಂಡೇ ಸ್ಕೂಲಿಗೆ ಟೀಚರ್ ಸಿಕ್ಕಿದ್ರು."

ನನ್ನಿಂದ ಆಗುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಬಂದದ್ದು ಬರೀ ನಗು. ಅವರು ನಗುವನ್ನು ಒಪ್ಪಿಗೆ ಎಂದುಕೊಂಡು ಮುಂದಿನ ಬೆಂಚಿಗೆ ಹೋದರು.

ಕಾರಿನಲ್ಲಿ ದಿಶಾ ಇಂಗ್ಲಿಷಿನಲ್ಲಿ ಕೇಳಿದಳು: ನಾವು ಶುಕ್ರವಾರ ಬರುತ್ತೇವೆ ಅಂತ ದೇವರಿಗೆ ಗೊತ್ತಿದೆಯಾ, ಅಥವಾ ಅವನು ಭಾನುವಾರ ಬಂದು ಕಾದು ಹೋಗುತ್ತಾನಾ? ಭಾವ ಹಾರ್ನ್ ಹೊಡೆದರು. ಉತ್ತರ ತಪ್ಪಿಸಿಕೊಳ್ಳಲು ಅದೂ ಒಂದು ದಾರಿ.

ಶುಕ್ರವಾರ, ಸೆಪ್ಟೆಂಬರ್ 23

ಮೊದಲ ತರಗತಿ. ನಾನು ಕನ್ನಡದಲ್ಲಿ ಕೇಳಿದೆ, ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸಿದರು. ಮತ್ತೆ ಕನ್ನಡದಲ್ಲಿ ಕೇಳಿದೆ. ಹಿಂದಿನ ಸಾಲಿನ ಹುಡುಗಿ ಕೈಯೆತ್ತಿ, "ಮಿಸ್, ವಾಲ್ಯೂಮ್ ಪ್ಲೀಸ್" ಅಂದಳು.

ದೇವರೇ, ಇದೂ ನಿನ್ನ ಚಿತ್ತವೇ ಆಗಿದ್ದರೆ ನೀನು ನನ್ನ ಗಂಟಲನ್ನು ಪರೀಕ್ಷಿಸಿ ನೋಡಿಲ್ಲ.

ಸೋಮವಾರ, ಸೆಪ್ಟೆಂಬರ್ 26

ಬರೆಯುವಂಥದ್ದು ಏನೂ ಇಲ್ಲ. ಮಗು ಅತ್ತಿತು. ನಾನೂ ಸ್ವಲ್ಪ. ಕೊಣಾಜೆಯಲ್ಲಿ ಈಗ ತರಗತಿ ಶುರುವಾಗಿರುತ್ತದೆ.

ಶನಿವಾರ, ಅಕ್ಟೋಬರ್ 8

ಉಪವಾಸದ ತಿಂಗಳು ಶುರುವಾಗಿದೆ. ಹಗಲು ಊರು ಪಿಸುಮಾತಿನಲ್ಲಿರುತ್ತದೆ, ಸಂಜೆಯ ಬಾಂಗಿನ ನಂತರ ಒಮ್ಮೆಗೇ ಪಾತ್ರೆಗಳ ಸದ್ದು. ಎದುರು ಮನೆಯ ಆಮಿನಮ್ಮ ದಿನಾ ಒಂದು ತಟ್ಟೆ ಕಳಿಸುತ್ತಾರೆ. ಅವರು ಪುತ್ತೂರು ಕಡೆಯ ಬ್ಯಾರಿಗಳು. ಅವರ ಗಂಡನಿಗೆ ಇಲ್ಲೇ ವಾದಿ ಕಬೀರಿನಲ್ಲಿ ಗಾಡಿ ಸಾಮಾನಿನ ಅಂಗಡಿ. ಆಮಿನಮ್ಮ ಮನೆಯೊಳಗೆ ಬ್ಯಾರಿ ಭಾಷೆ, ನಮ್ಮೊಡನೆ ಕನ್ನಡ, ಲಿಫ್ಟಿನೊಡನೆ ಅರಬ್ಬಿ ಮಾತಾಡುತ್ತಾರೆ. ಲಿಫ್ಟು ಹಾಳಾಗುವುದು ಅಷ್ಟು ಸಲ.

ನಾನು ಬಂದ ಹೊಸತರಲ್ಲಿ ಅವರು ತಮ್ಮ ಕುಂಡದಿಂದ ಎರಡು ಬಸಳೆ ದಂಟು ಮುರಿದು ಕೊಟ್ಟಿದ್ದರು. "ನಡು ಮಗಳೇ, ಬಂದ್ರೆ ಬಂತು." ಪೇಂಟಿನ ಖಾಲಿ ಬಕೆಟ್ಟಿನಲ್ಲಿ ನೆಟ್ಟು, ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನೇ ಹಿಡಿದು ಹಾಕುತ್ತ ಬಂದೆ. ಆ ಬಿಸಿಲಿಗೆ ಎರಡು ಸಲ ಸತ್ತ ಹಾಗೆ ಮಾಡಿತು. ಈಗ ಬಾಲ್ಕನಿಯ ಕಂಬಿ ಮುಗಿಸಿ ಡಿಶ್ ಆಂಟೆನಾಗೆ ಕೈ ಹಾಕಿದೆ. ಎಲೆ ನನ್ನ ಅಂಗೈಯಷ್ಟು ಅಗಲ. ಬೆಳಿಗ್ಗೆ ಎದ್ದ ಕೂಡಲೇ ಪ್ರಾರ್ಥನೆಗಿಂತ ಮೊದಲು ಅದನ್ನೇ ನೋಡುವುದು ಎಂದು ಬರೆದಿಡಲು ನಾಚಿಕೆಯಾಗುತ್ತದೆ. ಆದರೆ ನಿಜ.

ಅಂದ ಹಾಗೆ ನಿನ್ನೆಯ ತರಗತಿಯಲ್ಲಿ ಮಕ್ಕಳಿಗೆ ದೋಣಿಯ ಬಿರುಗಾಳಿಯ ಕಥೆ ಹೇಳಿದೆ. ಬೆಂಚುಗಳನ್ನು ಮಗುಚಿ ದೋಣಿ ಮಾಡಿದೆವು. ದಿಶಾಗೆ ಗಾಳಿಯ ಪಾತ್ರ. ಸದ್ದಿಗೆ ತೆಲುಗಿನವರು ಬಂದು ಇಣುಕಿ ಹೋದರು.

ಬುಧವಾರ, ಅಕ್ಟೋಬರ್ 19

ಭಾವ ಸಂಜೆ ಮಿಠಾಯಿ ಡಬ್ಬಿ ಹಿಡಿದುಕೊಂಡು ಬಂದರು. ಘಾಲಾದಲ್ಲಿ ಅವರ ಕಂಪೆನಿಯ ಗೋದಾಮಿನ ಆಫೀಸಿನಲ್ಲಿ ಒಂದು ಕೆಲಸ ಖಾಲಿಯಾಗಿದೆ: ಬಂದ ಸರಕಿನ ಕಾಗದಪತ್ರ ನೋಡಿಕೊಳ್ಳುವುದು. ಮ್ಯಾನೇಜರ್ ಕ್ಯಾಸ್ಮಿರ್ ನಮ್ಮ ಮಂಗಳೂರಿನವರೇ, ಭಾವನ ಮಾತಿಗೆ ಬೆಲೆ ಕೊಡುವವರು. ಎರಡು ವರ್ಷದ ಕರಾರು. ಅಕ್ಕನ ಮನೆಯಲ್ಲೇ ಇರಬಹುದು, ಭಾವನ ಕಾರಿನಲ್ಲೇ ಹೋಗಿ ಬರಬಹುದು.

"ಈ ಛಾನ್ಸ್ ಎಲ್ಲರಿಗೆ ಸಿಕ್ತದಾ ಏಂಜಿ? ಜನ ಏಜೆಂಟಿನ ಹಿಂದೆ ನಾಯಿ ಹಾಗೆ ತಿರುಗ್ತಾರೆ. ನಿನಗೆ ಮನೆ ಬಾಗಿಲಿಗೆ ಬಂದಿದೆ. ಎಂತ ಹೇಳ್ತಿ?"

ಭಾವ ಎಷ್ಟು ಒಳ್ಳೆಯವರು. ಮಿಠಾಯಿಯ ಡಬ್ಬಿಯ ರಬ್ಬರನ್ನು ಬಿಡಿಸಲಾರದೆ ಹಲ್ಲಿನಲ್ಲಿ ಎಳೆಯುತ್ತಿದ್ದರು, ಅಷ್ಟು ಖುಷಿ. ನಾನು ಅಂದೆ, "ದೇವರ ಚಿತ್ತ ಇದ್ದರೆ ಆಗಲಿ ಭಾವ."

"ದ್ಯಾಟ್ಸ್ ಮೈ ಗರ್ಲ್!" ಎಂದು ಅಲ್ಲೇ ಕ್ಯಾಸ್ಮಿರ್ ಅವರಿಗೆ ಫೋನು ಮಾಡಿದರು. ಆಮೇಲೆ ಮೂಲ್ಕಿಗೆ, ಅಪ್ಪನಿಗೆ.

ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ಬಂದಳು. "ನಿಂಗೆ ಇಷ್ಟ ಉಂಟಾ?"

"ದೇವರ ಚಿತ್ತ ಅಕ್ಕ."

"ಅದು ಕೇಳಿಸಿತು ಮಾರಾಯ್ತಿ. ನಾನು ಕೇಳಿದ್ದು ನಿನ್ನದು." ಅಷ್ಟರಲ್ಲಿ ಮಗು ಅವಳ ಹೆಗಲ ಮೇಲೆ ಹಾಲು ಕಕ್ಕಿತು. ನಾನು ಬಟ್ಟೆ ತರಲು ಓಡಿದೆ.

ಕೆಲಸ ಒಳ್ಳೆಯದೇ. ಅಕ್ಕನಿಗೂ ಜೊತೆಯಾಗುತ್ತದೆ. ಎಂ.ಎ. ಎರಡು ವರ್ಷ ಬಿಟ್ಟೂ ಮಾಡಬಹುದು. ಜನ ಮೂರು ವರ್ಷ ಬಿಟ್ಟೂ ಮಾಡುತ್ತಾರೆ. ಒಪ್ಪಿಸಿಕೊಟ್ಟಾಯಿತು. ನಾನು ಶಾಂತಳಾಗಿದ್ದೇನೆ.

ಗುರುವಾರ, ಅಕ್ಟೋಬರ್ 20

ಶಾಂತಳಾಗಿಲ್ಲ.

ಶುಕ್ರವಾರ, ಅಕ್ಟೋಬರ್ 28

ಮಕ್ಕಳಿಗೆ ಕರ್ತನ ಪ್ರಾರ್ಥನೆಯನ್ನು ಕನ್ನಡದಲ್ಲಿ ಕಲಿಸಿ ಮುಗಿಸಬೇಕೆಂದು ಹೊರಟಿದ್ದೆ. ದೇವರ ಚಿತ್ತದ ಮಾತು ಬಂದಲ್ಲಿ ಗಾಡಿ ನಿಂತಿತು. ಚಿತ್ತ ಅಂದರೆ ಏನು ಎಂದು ಕೇಳಿದರು. "ನಮಗೆ ಏನಾಗಬೇಕು ಅಂತ ಮನಸ್ಸಿನಲ್ಲಿ ಇರ್ತದಲ್ಲ, ಅದು" ಅಂದೆ.

ವಾಲ್ಯೂಮ್ ಹುಡುಗಿ ಎದ್ದು ನಿಂತಳು. "ಸೋ, ದೇವರಿಗೆ ಅವರು ಕೇಳಿದ್ದು ಸಿಗ್ತದೆ. ನಮ್ಗೆ?"

ದಿಶಾ ನನ್ನ ಪರವಾಗಿ ಜಗಳಕ್ಕೆ ನಿಂತಳು. ದೇವರು ಮೊದಲು ನಮ್ಮನ್ನು ಕೇಳುತ್ತಾನಂತೆ, ಪಪ್ಪ ಹೋಟೆಲಿನಲ್ಲಿ ಎಲ್ಲರಿಗೂ ಏನು ಬೇಕೆಂದು ಕೇಳಿ, ಆಮೇಲೆ ತನಗೆ ಸರಿ ಕಂಡದ್ದನ್ನು ಆರ್ಡರ್ ಮಾಡುತ್ತಾರಲ್ಲ, ಹಾಗೆ.

ನಗು ತಡೆಯಲಾಗಲಿಲ್ಲ. ಎಲ್ಲರಿಗೂ ಸುಮ್ಮನಿರಿ ಎಂದು ಗದರಿದೆ. ಒಂದೇ ಮಾತಿಗೆ ಸುಮ್ಮನಾದರು. ನಮ್ಮ ಮಕ್ಕಳು ಒಳ್ಳೆಯವರು. ಕ್ರಿಸ್ಮಸ್‌ಗೆ ಇವರಿಂದ ಒಂದು ಸಣ್ಣ ನಾಟಕ ಆಡಿಸಬೇಕೆಂದು ಸಿರಿಲ್ ಅಂಕಲ್‌ಗೆ ಹೇಳಿದ್ದೇನೆ. ಕತ್ತೆಯ ಪಾತ್ರಕ್ಕೆ ನಾಲ್ವರು ಹಟ ಹಿಡಿದಿದ್ದಾರೆ. ಯೋಸೇಫನಾಗಲು ಯಾರೂ ತಯಾರಿಲ್ಲ, ಅವನಿಗೆ ಮಾತೇ ಇಲ್ಲವಂತೆ.

ಈ ತರಗತಿಯೂ ನಾನು ಬೇಡವೆನ್ನದೆ ಬಂದದ್ದೇ. ಈಗ ವಾರವಿಡೀ ಶುಕ್ರವಾರಕ್ಕೆ ಕಾಯುತ್ತೇನೆ. ಹಾಗಾದರೆ ಗೋದಾಮಿನ ಕೆಲಸವೂ ಹೀಗೆಯೇ ಆಗಬಹುದಲ್ಲ? ಹೀಗೆ ಯೋಚಿಸಿ ಸಮಾಧಾನ ಮಾಡಿಕೊಳ್ಳುತ್ತೇನೆ. ಸಮಾಧಾನ ಊಟದವರೆಗೆ ಬಾಳುತ್ತದೆ.

ಭಾನುವಾರ, ನವೆಂಬರ್ 6

ಭಾವ ಶ್ರೀಲಂಕಾದ ಮ್ಯಾಚು ನೋಡುತ್ತಿದ್ದಾಗ ಟಿ.ವಿ.ಯಲ್ಲಿ ಬ್ಯಾಟ್ಸ್‌ಮನ್ ಚೌಕಚೌಕವಾಗಿ ಒಡೆದುಹೋದ. ಬಾಲ್ಕನಿಗೆ ಹೋಗಿ ನೋಡಿದರೆ ಬಸಳೆ ಡಿಶ್ಶಿನ ಮೂತಿಗೇ ಸುತ್ತಿಕೊಂಡಿದೆ.

"ಏಂಜೀ! ಇದು ಬಸಳೆಯಾ, ರಾಕ್ಷಸಿಯಾ? ಕಡಿದು ಬಿಸಾಡು!"

"ಬಿಸಾಡುದು ಬೇಡ" ಎಂದಳು ಅಕ್ಕ, "ಬೆಳೆಹಬ್ಬಕ್ಕೆ ಕೊಡುವಾ. ಈ ಊರಲ್ಲಿ ನಿಜವಾಗಿ ಬೆಳೆದದ್ದು ಅಂತ ಇದೊಂದಾದರೂ ಇರ್ಲಿ."

ಹದಿನೆಂಟಕ್ಕೆ ನಮ್ಮ ಸಭೆಯ ಬೆಳೆಹಬ್ಬ. ಊರಿನಲ್ಲಾದರೆ ಮೊದಲ ಭತ್ತದ ತೆನೆ, ಬಾಳೆಗೊನೆ, ತೆಂಗಿನಕಾಯಿ, ಕೋಳಿ, ಎಲ್ಲ ಬಲಿಪೀಠದ ಮುಂದೆ ಬಂದು, ಆರಾಧನೆಯ ನಂತರ ಅಂಗಳದಲ್ಲಿ ಹರಾಜಾಗುತ್ತವೆ. ಇಲ್ಲಿ ಹೊಲವಿಲ್ಲ, ಆದರೆ ಹಬ್ಬ ಬಿಟ್ಟಿಲ್ಲ.

ಬಸಳೆ ಕೊಡಲು ನನಗೆ ಮನಸ್ಸಿರಲಿಲ್ಲ. ಹೇಳಲಿಲ್ಲ.

ಗುರುವಾರ, ನವೆಂಬರ್ 17

ಇವತ್ತು ಬಸಳೆ ಕೊಯ್ದೆ. ಪ್ರಾರ್ಥನೆ ಮಾಡಿಕೊಂಡೇ ಕೊಯ್ದೆ. ಎಳೆಯ ಕುಡಿ, ದಪ್ಪ ದಂಟು, ಒಂದೂ ನನಗೆಂದು ಇಟ್ಟುಕೊಳ್ಳದೆ ಬುಡದವರೆಗೂ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ದೇವರೇ, ಇದನ್ನು ಮನಃಪೂರ್ವಕವಾಗಿ ನಿನಗೆ ಕೊಟ್ಟೆ. ಇದರ ಜೊತೆ ನನ್ನ ಮುಂದಿನ ಎರಡು ವರ್ಷವನ್ನೂ ಕೊಟ್ಟೆ. ಇನ್ನು ಕೇಳುವುದಿಲ್ಲ.

ಹೀಗೆ ಬರೆದಾಗ ಬಹಳ ಹಗುರವೆನಿಸಿತು. ಒಪ್ಪಿಸಿಕೊಡುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲ.

ಶುಕ್ರವಾರ, ನವೆಂಬರ್ 18

ಇದನ್ನು ಹೇಗೆ ಬರೆಯಲಿ.

ಊರಿಗೆಲ್ಲ ರಾಷ್ಟ್ರೀಯ ದಿನದ ದೀಪ, ಬಾವುಟ. ನಮ್ಮ ಬಲಿಪೀಠದ ಮುಂದೆ ಸೂಪರ್ ಮಾರ್ಕೆಟಿನ ಸ್ಟಿಕ್ಕರನ್ನೂ ಕೀಳದ ಕುಂಬಳಕಾಯಿಗಳು, ಸಲಾಲಾದ ತೆಂಗಿನಕಾಯಿ, ಕೇಕು, ಉಪ್ಪಿನಕಾಯಿ, ಪತ್ರೊಡೆ. ಬರ್ಕಾದ ತೋಟದಲ್ಲಿ ಕೆಲಸ ಮಾಡುವವರೊಬ್ಬರು ರಟ್ಟಿನ ಪೆಟ್ಟಿಗೆಯಲ್ಲಿ ಜೀವಂತ ಕೋಳಿ ತಂದಿದ್ದರು. ಪಾಪನಿವೇದನೆಯ ಮೌನದಲ್ಲಿ ಅದೊಂದೇ ಮಾತಾಡಿತು.

ಆರಾಧನೆಯ ನಂತರ ಹೊರಗೆ ಶಾಮಿಯಾನದ ಕೆಳಗೆ ಹರಾಜು. ಕೂಗುವವರು ಸಿರಿಲ್ ಅಂಕಲ್. ಕುಂಬಳಕಾಯಿ ಹೋಯಿತು, ಕೋಳಿ ಹೋಯಿತು. ಅಕ್ಕನ ಮಿಡಿ ಉಪ್ಪಿನಕಾಯಿ ಬಂದಾಗ ಭಾವನೇ ಏರಿಸಿ ಏರಿಸಿ ಕೊಂಡುಕೊಂಡರು.

"ನೋಡಿ, ನೋಡಿ! ಹೆಂಡತಿ ಕೊಟ್ಟದ್ದನ್ನು ಗಂಡ ತಕೊಂಡು ಹೋಗುದು. ದೇವರಿಗೆ ಬರೀ ತೋರ್ಸಿದ್ದು!"

"ಬೇರೆಯವರ ಉಪ್ಪಿನಕಾಯಿ ತಿಂದು ಹೊಟ್ಟೆ ಹಾಳು ಮಾಡ್ಲಿಕ್ಕೆ ಉಂಟಾ ಅಂಕಲ್?" ಎಂದರು ಭಾವ. ಎಲ್ಲರೂ ನಕ್ಕರು.

ಆಮೇಲೆ ಬಸಳೆ. ಅಂಕಲ್ ಕಟ್ಟನ್ನು ಎತ್ತಿ ಹಿಡಿದದ್ದೇ ಜನ ಒಂದು ಹೆಜ್ಜೆ ಮುಂದೆ ಬಂದರು. ಆಸ್ಪತ್ರೆಯ ನರ್ಸ್ ಒಬ್ಬರು ಶುರು ಮಾಡಿದರು. ಗ್ಯಾರೇಜಿನ ಫೋರ್‌ಮನ್ ಒಬ್ಬರು ಏರಿಸಿದರು. "ಸೀಗಡಿ ಹಾಕಿ ಮಾಡ್ಲಿಕ್ಕೆ ನನ್ನ ಹೆಂಡತಿ ಇಲ್ಲಿ ಇಲ್ಲ, ಆದ್ರೂ ಬೇಕು!" ಅಂದರು. ಅಂಕಲ್ ಕಟ್ಟನ್ನು ತಲೆಕೆಳಗು ಮಾಡಿ ಕುಲುಕಿದರು. "ದಂಟು ನೋಡಿ ಮಾರ್ರೆ! ಕೈಬೆರಳಷ್ಟು ದಪ್ಪ! ಇದು ಬಸಳೆಯಾ, ಕಬ್ಬಾ?" ಒಂದು ಎಲೆ ಉದುರಿ ಯಾರದೋ ಚಪ್ಪಲಿಯ ಕೆಳಗೆ ಹೋಯಿತು.

ಆಗ ಒಂದು ಧ್ವನಿ ಕೇಳಿಸಿತು. ಇಬ್ಬರಿಗಿಂತಲೂ ಬಹಳ ಮೇಲಿನ ಮೊತ್ತ ಅದು, ಕಾಂಪೌಂಡಿನ ಗೇಟಿನವರೆಗೂ ಕೇಳುವ ಹಾಗೆ. ಎಲ್ಲರೂ ನನ್ನ ಕಡೆ ತಿರುಗಿದರು.

ನಾನೇ.

"ಓಹೋ!" ಎಂದರು ಅಂಕಲ್. "ಟೀಚರ್ರು! ಬೆಳೆಸಿದವರೇ! ಒಂದು ಸಲ... ಎರಡು ಸಲ... ಯಾರಾದ್ರೂ ಉಂಟಾ? ಇಂಥಾ ಪ್ರೀತಿಯ ಎದುರು ಯಾರು ಕೂಗ್ತಾರೆ? ಮೂರು ಸಲ!"

ನನ್ನ ಚೀಲದಲ್ಲಿ ಕರವಸ್ತ್ರ ಬಿಟ್ಟರೆ ಏನೂ ಇರಲಿಲ್ಲ. ಭಾವ ಹೊಟ್ಟೆ ಹಿಡಿದು ನಗುತ್ತ ದುಡ್ಡು ಕೊಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದರು. ನರ್ಸಮ್ಮ ಬಂದು ಮೆತ್ತಗೆ, "ಒಂದು ದಂಟಾದ್ರೂ ಕೊಡಮ್ಮ, ನೆಡ್ಲಿಕ್ಕೆ" ಅಂದರು. ಮೂರು ಕೊಟ್ಟೆ.

ಮನೆಗೆ ಬರುವಾಗ ಕಟ್ಟು ನನ್ನ ಮಡಿಲಲ್ಲಿತ್ತು. ನಿನ್ನೆ ಮಧ್ಯಾಹ್ನ ಇದೇ ಪುಟದಲ್ಲಿ ಬರೆದದ್ದು ನೆನಪಾಯಿತು. ಮನಃಪೂರ್ವಕವಾಗಿ ಕೊಟ್ಟೆನಂತೆ! ಒಂದು ದಿನವೂ ಆಗಿಲ್ಲ, ಎಲ್ಲರಿಗಿಂತ ಗಟ್ಟಿಯಾಗಿ ಕೂಗಿ ಹಿಂದಕ್ಕೆ ತಂದಿದ್ದೇನೆ. ಬಸಳೆಯದ್ದೇ ಹೀಗಾದರೆ ಎರಡು ವರ್ಷದ್ದು? ಪ್ರತಿ ಸಂಜೆ ಕೊಡುವುದು, ಪ್ರತಿ ಬೆಳಿಗ್ಗೆ ಎದ್ದು ಕೊಣಾಜೆಯ ಗುಡ್ಡವನ್ನು ನೆನೆಯುತ್ತ ಅದನ್ನೇ ಹರಾಜಿನಲ್ಲಿ ಕೂಗುವುದು. ದೇವರಿಗೆ ಬರೀ ತೋರಿಸಿದ್ದು.

ಅಕ್ಕ ಒಣಸೀಗಡಿ ಹಾಕಿ ಗಸಿ ಮಾಡಿದಳು. ಕ್ಷಮಿಸು ಎಂದು ಮನಸ್ಸಿನಲ್ಲೇ ಹೇಳಿ ಎರಡು ಸಲ ಬಡಿಸಿಕೊಂಡೆ. ಬಹಳ ಚೆನ್ನಾಗಿತ್ತು.

ಮಂಗಳವಾರ, ನವೆಂಬರ್ 22

ಭಾವ ಹೇಳಿದರು: ಕ್ಯಾಸ್ಮಿರ್ ಅವರು ಶನಿವಾರ ವೀಸಾದ ಕಾಗದ ಕಳಿಸುತ್ತಾರಂತೆ, ಪಾಸ್‌ಪೋರ್ಟ್ ತೆಗೆದಿಡು. ಒಮ್ಮೆ ಕಫೀಲನ, ಅಂದರೆ ಕೆಲಸ ಕೊಟ್ಟ ಇಲ್ಲಿನ ಧಣಿಯ, ಹೆಸರಿನಲ್ಲಿ ವೀಸಾ ಹೊಡೆದರೆ ಎರಡು ವರ್ಷ ಅಲ್ಲಾಡುವ ಹಾಗಿಲ್ಲ.

ನಾನು ಒಂದು ಗುರುತು ಕೇಳೋಣವೆಂದುಕೊಂಡೆ. ಹೀಗೆಲ್ಲ ಕೇಳಬಾರದೆಂದು ಗೊತ್ತು. ಆದರೂ ಬ್ರೆಡ್ಡು ತರಲು ಇಳಿಯುವಾಗ ಹೇಳಿಕೊಂಡೆ: ಕರ್ತನೇ, ಲಿಫ್ಟು ಕೆಲಸ ಮಾಡಿದರೆ ಊರಿಗೆ ಹೋಗುವುದು, ಮಾಡದಿದ್ದರೆ ಇಲ್ಲೇ ನಿಲ್ಲುವುದು. ಬಟನ್ ಒತ್ತಿದೆ. ಲಿಫ್ಟು ಬಂತು! ಒಳಗೆ ಹೋದೆ, ಆಮಿನಮ್ಮನೂ ಬಂದರು. ಬಾಗಿಲು ಮುಚ್ಚಿತು. ಎರಡು ಮಹಡಿಗಳ ಮಧ್ಯೆ ಲಿಫ್ಟು ನಿಂತಿತು.

ಇದಕ್ಕೆ ಏನು ಅರ್ಥ ಮಾಡುವುದು? ನನಗೆ ನಗು ಬಂದು ನಿಲ್ಲಲೇ ಇಲ್ಲ.

"ಎಂತಕ್ಕೆ ನಗ್ತಿ ಮಗಳೇ? ಹೆದರಿಕೆ ಆಗುದಿಲ್ವಾ?" ಆಮಿನಮ್ಮ ಗಂಟೆ ಒತ್ತಿ, ಚೀಲ ಕೆಳಗಿಟ್ಟು, ಅದರ ಮೇಲೆ ಕೂತರು. ಕಾವಲಿನವನು ಕೆಳಗಿನಿಂದ ಕೂಗಿದ: "ಬಸ್ ದೋ ಮಿನಟ್, ಇನ್ಶಾ ಅಲ್ಲಾ!"

"ಅವನ ದೋ ಮಿನಟ್ ನನಗೆ ಗೊತ್ತುಂಟು. ಕೂತ್ಕೊ."

ಕೂತೆ. ಯಾಕೋ, ಲಿಫ್ಟಿನ ಮಂದ ಬೆಳಕಿನಲ್ಲಿ ಅವರಿಗೆ ಎಲ್ಲ ಹೇಳಿಬಿಟ್ಟೆ. ಕೊಣಾಜೆ, ಗೋದಾಮು, ಭಾವನ ಮಿಠಾಯಿ. ಇಷ್ಟೊಂದು ನಾನು ಅಕ್ಕನಿಗೂ ಹೇಳಿಲ್ಲ.

"ಭಾವನಿಗೆ ಎಂತ ಹೇಳಿದ್ದು ನೀನು?"

"ದೇವರ ಚಿತ್ತ ಅಂತ."

"ಮತ್ತೆ?"

"ಮತ್ತೆ ಏನಿಲ್ಲ."

ಆಮಿನಮ್ಮ ಹಣೆ ಚಚ್ಚಿಕೊಂಡರು. "ಅಲ್ಲ ಮಗಳೇ, ನಾವು ಇನ್ಶಾ ಅಲ್ಲಾ ಹೇಳುದು ಹೇಗೆ? ನಾಳೆ ಮೀನು ತರ್ತೇನೆ, ಇನ್ಶಾ ಅಲ್ಲಾ. ಬೇಸಿಗೆಗೆ ಊರಿಗೆ ಹೋಗ್ತೇನೆ, ಇನ್ಶಾ ಅಲ್ಲಾ. ಮೀನೂ ಇಲ್ಲ, ಊರೂ ಇಲ್ಲ, ಬರೀ ಇನ್ಶಾ ಅಲ್ಲಾ ಅಂತ ಹೇಳಿದ್ರೆ ನಮ್ಮನ್ನು ಪಡೆದ ದೇವರಾದ್ರೂ ಎಂತ ಮಾಡ್ಬೇಕು? ಮೊದಲು ನಿನ್ನದು ಹೇಳು. ಕೊಡುದು ಬಿಡುದು ಅವನಿಗೆ ಬಿಟ್ಟದ್ದು."

"ಭಾವನಿಗೆ ಬೇಜಾರಾಗ್ತದೆ ಆಮಿನಮ್ಮ."

"ಆಗ್ಲಿ! ಅವನೇನು ಸಕ್ಕರೆಯಾ, ಕರಗ್ಲಿಕ್ಕೆ?"

ಅಷ್ಟರಲ್ಲಿ ಲಿಫ್ಟು ಒಮ್ಮೆ ಬಿಕ್ಕಿ ಮೇಲಕ್ಕೆ ಹೋಯಿತು. ನಾವು ಹತ್ತಿದ ಮಹಡಿಯಲ್ಲೇ ಬಾಗಿಲು ತೆರೆಯಿತು. ಬ್ರೆಡ್ಡಿಗೆ ಮೆಟ್ಟಿಲಲ್ಲಿ ಇಳಿದು ಹೋದೆ.

ಗುರುವಾರ, ನವೆಂಬರ್ 24

ಮಗು ಮೊದಲ ಸಲ ಸದ್ದು ಮಾಡಿ ನಕ್ಕಿತು. ಅಕ್ಕ ಅತ್ತಳು, ಭಾವ ವಿಡಿಯೋ ತೆಗೆಯಲು ಹೋಗಿ ಬರೀ ತನ್ನ ಮಂಡಿಯನ್ನು ತೆಗೆದರು. ನಾಟಕಕ್ಕೆ ಕತ್ತೆಗಳು ಈಗ ಮೂರು. ಒಬ್ಬ ಕತ್ತೆ ಯೋಸೇಫನಾಗಲು ಒಪ್ಪಿದ್ದಾನೆ. ಎರಡು ಮಾತು ಬರೆದುಕೊಡುವೆನೆಂದು ಆಸೆ ತೋರಿಸಿದೆ. ತರಕಾರಿಯವನು ಬಾಡಿದ ಬೆಂಡೆ ಕೊಟ್ಟಿದ್ದ, ವಾಪಸು ಕೊಟ್ಟು ಹಿಂದಿಯಲ್ಲಿ ನಾಲ್ಕು ಮಾತಾಡಿ ಬಂದೆ.

ಪಾಸ್‌ಪೋರ್ಟ್ ಇನ್ನೂ ಪೆಟ್ಟಿಗೆಯಲ್ಲೇ ಇದೆ.

ಶುಕ್ರವಾರ, ನವೆಂಬರ್ 25

ಆರಾಧನೆ ಮುಗಿಸಿ ಬಂದು, ಊಟ ಮಾಡಿ, ಎಲ್ಲರೂ ಮಲಗಿದ್ದಾರೆ. ಭಾವನ ಗೊರಕೆ ಇಲ್ಲಿಗೂ ಕೇಳುತ್ತಿದೆ. ಬಾಲ್ಕನಿಯಲ್ಲಿ ಕೂತಿದ್ದೇನೆ. ಬಿಸಿಲು ಈಗ ಊರಿನ ಬಿಸಿಲಿನಷ್ಟೇ.

ಇವತ್ತು ಪ್ರಾರ್ಥನೆಯಲ್ಲಿ ನನ್ನ ಮಾಮೂಲಿ ಮಾತು ಹೇಳಲಿಲ್ಲ. ಬೇಕಾದದ್ದನ್ನು ಮೊದಲು ಹೇಳಿದೆ. ಬಾಯಿ ಬಿಟ್ಟೇ ಹೇಳಿದೆ, ಮೆತ್ತಗೆ. "ಕರ್ತನೇ, ನನಗೆ ಎಂ.ಎ. ಮಾಡಬೇಕು. ತುಂಬ ಆಸೆ. ಈ ವರ್ಷದ್ದು ಹೋದಾಗ ತುಂಬ ಅತ್ತಿದ್ದೆ, ನಿನ್ನ ಮೇಲೆ ಸಿಟ್ಟೂ ಬಂದಿತ್ತು." ಇಷ್ಟು ಹೇಳಿದ ಮೇಲೆ ಆಕಾಶ ಬೀಳಲಿಲ್ಲ. ಎದುರಿನ ಕಟ್ಟಡದಲ್ಲಿ ಯಾರೋ ಚಾಪೆ ಕೊಡವಿದರು. ಅಷ್ಟೇ.

ಮುಂದಿನದನ್ನು ಹೇಳಲು ಹೊರಟಾಗಲೇ ತಡೆಯಿತು. ನಿನಗೆ ಒಪ್ಪಿಸುತ್ತೇನೆ ಎನ್ನುವಾಗ, ಇಷ್ಟು ದಿನ ಒಪ್ಪಿಸಿದ್ದು ಯಾರಿಗೆ ಎಂಬ ಯೋಚನೆ ಬಂತು. ಅಪ್ಪ ಕೇಳಿದಾಗ ಅಪ್ಪನಿಗೆ. ಸಿರಿಲ್ ಅಂಕಲ್ ಕೇಳಿದಾಗ ಅವರಿಗೆ. ಭಾವ ಕೇಳಿದಾಗ ಭಾವನಿಗೆ. ಯಾರು ಎದುರಿಗೆ ನಿಂತು ಗಟ್ಟಿಯಾಗಿ ಕೇಳುತ್ತಾರೋ ಅವರಿಗೆ. ಅದರ ಮೇಲೆ ದೇವರ ಹೆಸರು ಬರೆದಿಟ್ಟೆ. ತರಗತಿ ಒಳ್ಳೆಯದಾಯಿತು, ಅದು ಅವನ ಕೃಪೆ. ನನ್ನ ವಿಧೇಯತೆ ಏನೂ ಅಲ್ಲ.

ಹಾಗಾದರೆ ನನಗೆಂದು ಚಿತ್ತವೇ ಇಲ್ಲವೇ? ಇದೆ. ಬೇಕಾದಷ್ಟಿದೆ. ನನ್ನಿಂದ ಯಾರ ಮುಖವೂ ಸಣ್ಣದಾಗಬಾರದು, ಎಲ್ಲರೂ ನನ್ನನ್ನು ಒಳ್ಳೆಯವಳು ಅನ್ನಬೇಕು. ಇದು ನನ್ನ ಚಿತ್ತ. ಇದೊಂದನ್ನು ಬಿಗಿಯಾಗಿ ಹಿಡಿದುಕೊಂಡು ಉಳಿದದ್ದನ್ನೆಲ್ಲ ದೇವರಿಗೆ ಕೊಡುತ್ತ ಬಂದಿದ್ದೇನೆ. ಎಂ.ಎ. ಕೊಟ್ಟೆ, ಎರಡು ವರ್ಷ ಕೊಟ್ಟೆ. ಇದನ್ನು ಮಾತ್ರ ಕೊಟ್ಟಿಲ್ಲ. ಅವನು ಕೇಳುತ್ತಿರುವುದು ಇದನ್ನೇ ಇರಬೇಕು.

ಇದನ್ನು ಬರೆದು ಪೆನ್ನು ಕೆಳಗಿಟ್ಟೆ. ಆಮೇಲೆ ಅದನ್ನೂ ಕೊಟ್ಟೆ. ಈ ಸಲ ಹಗುರವೆನಿಸಲಿಲ್ಲ. ಪರೀಕ್ಷೆಯ ಹಿಂದಿನ ದಿನದ ಹಾಗೆ ಹೆದರಿಕೆಯಾಗುತ್ತಿದೆ. ಆದರೆ ಅದರ ಕೆಳಗೆ ಏನೋ ಖುಷಿಯೂ ಇದೆ. ನಡುವೆ ಒಮ್ಮೆ ಒಬ್ಬಳೇ ನಕ್ಕೆ.

ಅಕ್ಕನನ್ನು ಅರ್ಧಕ್ಕೆ ಬಿಟ್ಟು ಹೋಗುವುದಿಲ್ಲ. ವಿಸಿಟ್ ವೀಸಾ ಇನ್ನೊಮ್ಮೆ ಮುಂದುವರಿಸಬಹುದಂತೆ. ಮಗು ಕೂರಲು ಕಲಿಯುವವರೆಗೆ ಇರುತ್ತೇನೆ, ನಾಟಕ ಆಡಿಸುತ್ತೇನೆ. ಜೂನಿಗೆ ಮತ್ತೆ ಅರ್ಜಿ ಹಾಕುತ್ತೇನೆ. ಸೀಟು ಸಿಕ್ಕಿದರೆ ಓದುತ್ತೇನೆ. ಸಿಗದಿದ್ದರೆ ಅವನು ತೋರಿಸಿದ ಕಡೆ ಹೋಗುತ್ತೇನೆ, ಅದು ಯಾವುದಾದರೊಂದು ಗೋದಾಮೇ ಆದರೂ. ಆಗ ಗೊಣಗಬಾರದು ಎಂದು ಈಗಲೇ ಕೇಳಿಕೊಂಡಿದ್ದೇನೆ.

ಅದೆಲ್ಲ ಜೂನಿನ ಮಾತು. ನನ್ನ ಕೈಯಲ್ಲಿರುವುದು ನಾಳೆ ಬೆಳಗಿನ ಚಹಾ ಮಾತ್ರ. ಭಾವ ಬೂಟು ಹಾಕುತ್ತ ಪಾಸ್‌ಪೋರ್ಟ್ ಕೇಳುತ್ತಾರೆ. ನಾನು ಲೋಟ ಕೊಟ್ಟು ಒಳಗೆ ಹೋಗಿಬಿಡುವುದಿಲ್ಲ. ಎದುರಿನ ಕುರ್ಚಿಯಲ್ಲಿ ಕೂರುತ್ತೇನೆ. "ಭಾವ, ನನಗೆ ಆ ಕೆಲಸ ಬೇಡ, ನನಗೆ ಓದಬೇಕು. ಮೊದಲೇ ಹೇಳಬೇಕಿತ್ತು, ತಪ್ಪಾಯಿತು. ಕ್ಯಾಸ್ಮಿರ್ ಅವರಿಗೆ ಬೇಕಾದರೆ ನಾನೇ ಫೋನು ಮಾಡಿ ಹೇಳುತ್ತೇನೆ" ಎನ್ನುತ್ತೇನೆ. ಅವರ ಮುಖ ಸಣ್ಣದಾಗುತ್ತದೆ. ಆಗ ನಗುವುದಿಲ್ಲ, ಹೇಳಿದ್ದಕ್ಕೆ ಏನೂ ಸೇರಿಸುವುದಿಲ್ಲ. ಅವರು ಮಾತಾಡುವವರೆಗೆ ಅಲ್ಲೇ ಕೂತಿರುತ್ತೇನೆ.